ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ

ಚುನಾವಣೆಯ ದಿನ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮನೆಗೆ ಹಿಂದಿರುಗುವ ಗೃಹಸ್ಥನು ತಾನೊಂದು ಸರಕಾರವನ್ನು ಆರಿಸಿ ಬಂದೆನೆಂದು ಭಾವಿಸುವುದು ಸಹಜವೇ ಸರಿ. ಆದರೆ ಅವನು ಆರಿಸಿದುದು ಸರಕಾರವನ್ನಲ್ಲ. ತನ್ನ ಕ್ಷೇತ್ರದ ಒಬ್ಬ ಪ್ರತಿನಿಧಿಯನ್ನು. ಅಂತಹ ಪ್ರತಿನಿಧಿಗಳೆಲ್ಲರೂ ಕೂಡಿದ ಸಭೆಯು ಯಾರಲ್ಲಿ ವಿಶ್ವಾಸವಿಡುವುದೋ ಅವರದು ಸರಕಾರ. ಆ ವಿಶ್ವಾಸವು ಎಲ್ಲಿಯವರೆಗೋ ಅಲ್ಲಿಯವರೆಗೆ ಅದರ ಆಯುಸ್ಸು. ಇದು ಕೇಳುವುದಕ್ಕೆ ಅಲ್ಪವಾದ ಭೇದದಂತೆ ತೋರೀತು. ಆದರೆ ಮಧ್ಯಕಾಲದಲ್ಲಿ ಸರಕಾರವೊಂದು ಉರುಳಿಬಿದ್ದಾಗ, “ನಾವು ಐದು ವರುಷಕ್ಕೆಂದು ಆರಿಸಿ ಕಳುಹಿಸಿದ್ದೆವಲ್ಲ, ನಮ್ಮನ್ನು ಕೇಳದೆಯೇ ಇದು ಹೇಗೆ ಬಿದ್ದಿತು?” ಎಂದು ಮನೆಯ ಜಗಲಿಯ ಮೇಲೆ ಏಳುವ ಪ್ರಶ್ನೆಗೆ ಉತ್ತರವು ಈ ಭೇದದಲ್ಲಿಯೇ ಅಡಗಿದೆ. ಆದುದರಿಂದ ಈ ತಿಂಗಳು ನಮ್ಮ ವಾಚಕರೊಡನೆ ಈ ವಿಷಯವನ್ನೇ ಕುರಿತು ಸ್ವಲ್ಪ ಆಲೋಚಿಸಬೇಕೆಂದಿದ್ದೇವೆ.

ಅವಿಭಕ್ತ ಕುಟುಂಬಗಳ ರೀತಿಯನ್ನು ಬಲ್ಲವರಿಗೆ ಇದನ್ನು ತಿಳಿಯಪಡಿಸುವುದು ಕಷ್ಟವಲ್ಲ. ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿರುವುದೋ ಅವರ ಮಾತು ಮನೆಯಲ್ಲಿ ನಡೆಯುತ್ತದೆ. ಆದರೆ ಆ ಕೈ ಅವರಲ್ಲಿ ನಿಲ್ಲುವುದು ಮನೆಯವರಿಗೆ ಅವರಲ್ಲಿ ನಂಬಿಕೆ ಇರುವ ತನಕ ಮಾತ್ರ. ಪಾರ್ಲಿಮೆಂಟಿನ ಪದ್ಧತಿಯಲ್ಲಿ ಉಗ್ರಾಣವೆಂದರೆ ಬೊಕ್ಕಸ. ಸಭೆಯ ಅನುಮತಿಯಿಲ್ಲದೆ ತೆರಿಗೆಯನ್ನು ಹಾಕುವಂತಿಲ್ಲ. ಒಂದು ಕಾಸನ್ನೂ ವೆಚ್ಚಮಾಡುವಂತಿಲ್ಲ. ಹೀಗಿರುವಲ್ಲಿ, ಸಭೆಯ ವಿಶ್ವಾಸವನ್ನು ನೀಗಿಕೊಂಡ ಮಂತ್ರಿಗಳು ದೊರೆಯ ಪ್ರೀತಿಗೆ ಎಷ್ಟೇ ಪಾತ್ರರಾಗಿದ್ದರೂ ಆಳಲಾರರು. ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಗೆ ಈ ಪಾಠವು ೧೭೮೨ರಲ್ಲಿ ದೊರೆಯಿತು. ಹಿಂದಿನ ವರುಷದ ಅಕ್ಟೋಬರಿನಲ್ಲಿ ಇಂಗ್ಲಿಷರ ಸೈನ್ಯವು ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗತವಾದ ಬಳಿಕ, ಪ್ರಧಾನಮಂತ್ರಿಯಾದ ಲಾರ್ಡ್ ನಾರ್ತನ ಹಿಂದೆ ಇದ್ದ ಬಹುಮತವು ದಿನದಿಂದ ದಿನಕ್ಕೆ ಕರಗುತ್ತ ಬಂದಿತು. ದೊರೆಗೆ ಅವನನ್ನು ಬಿಡಲು ಮನಸ್ಸಿರಲಿಲ್ಲ. ಆದರೂ ನಾರ್ತನು ಮಾರ್ಚಿ ತಿಂಗಳಲ್ಲಿ ರಾಜೀನಾಮೆಯನ್ನಿತ್ತನು. ದೊರೆಯು ಮಂತ್ರಿಯನ್ನು ನೇಮಿಸಬಹುದು. ಉಳಿಸಿಕೊಳ್ಳುವ ಶಕ್ತಿಯಿರುವುದು ಸಭೆಗೆ ಎಂಬುದು ಅಂದಿನಿಂದ ಕ್ರಮಕ್ರಮವಾಗಿ ಸ್ಥಿರಪಟ್ಟಿತು.

ನಮ್ಮ ಸಂವಿಧಾನವು ಇದೇ ತತ್ತ್ವವನ್ನು ಅಂಗೀಕರಿಸಿದೆ. ಮಂತ್ರಿಮಂಡಲವು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿರತಕ್ಕದ್ದೆಂದು ೭೫ನೆಯ ವಿಧಿಯೂ, ರಾಜ್ಯಗಳಲ್ಲಿ ವಿಧಾನಸಭೆಗೆ ಹೊಣೆಯೆಂದು ೧೬೪ನೆಯ ವಿಧಿಯೂ ಹೇಳುತ್ತವೆ. ‘ಸಾಮೂಹಿಕ’ವೆಂದರೆ ಏಳುವುದೂ ಬೀಳುವುದೂ ಎಲ್ಲರೂ ಒಟ್ಟಿಗೆ ಎಂದರ್ಥ. ಐದು ವರುಷಗಳೆಂಬುದು ಸಭೆಗೆ ವಿಧಿಸಿದ ಪರಮಾವಧಿಯೇ ಹೊರತು, ಮಂತ್ರಿಗಳಿಗೆ ಬರೆದುಕೊಟ್ಟ ಗೇಣಿಯ ಪತ್ರವಲ್ಲ.

ಇನ್ನು ಈ ವಿಶ್ವಾಸವು ಮೊದಲು ದೊರೆಯುವ ಬಗೆಯನ್ನು ನೋಡೋಣ. ಒಂದೇ ಪಕ್ಷಕ್ಕೆ ಸಭೆಯ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ಬಂದಲ್ಲಿ ತೊಡಕಿಲ್ಲ. ಆ ಪಕ್ಷದ ಮುಖಂಡನೇ ಪ್ರಧಾನಿ. ಯಾರಿಗೂ ಅಷ್ಟು ಬಾರದಿದ್ದಾಗ ದೇಶದೇಶಗಳ ನಡೆವಳಿ ಬೇರೆಯಾಗುತ್ತದೆ. ಸ್ವೀಡನ್ ದೇಶದ ರೀತಿಯು ನಮಗೆ ವಿಚಿತ್ರವಾಗಿ ಕಂಡೀತು. ಅಲ್ಲಿಯ ಸಭೆಯ ಸದಸ್ಯರು ೩೪೯ ಮಂದಿ. ೨೦೨೧ರ ನವೆಂಬರ್ ೨೪ರಂದು ಮಗ್ಡಲೇನಾ ಆಂಡರ್ಸನ್ ಎಂಬಾಕೆಯನ್ನು ಪ್ರಧಾನಿಯನ್ನಾಗಿ ಆರಿಸುವ ಪ್ರಶ್ನೆ ಬಂದಾಗ, ಪರವಾಗಿ ಬಿದ್ದ ಮತಗಳು ೧೧೭, ವಿರುದ್ಧವಾಗಿ ೧೭೪. ಐವತ್ತೇಳು ಮಂದಿ ತಟಸ್ಥರಾಗಿ ಉಳಿದರು. ಆದರೂ ಆಕೆ ಆಯ್ಕೆಯಾದಳು! ಏತಕ್ಕೆಂದರೆ, “ಬೇಕು” ಎನ್ನುವವರು ಎಷ್ಟೆಂದು ಅಲ್ಲಿ ಕೇಳುವುದಿಲ್ಲ. “ಬೇಡ” ಎನ್ನುವವರು ೧೭೫ ಆಗದಿದ್ದರೆ ಸಾಕು. ಮನೆಯ ಹಿರಿಯರಲ್ಲಿ ಕೆಲವರು ಒಪ್ಪಿ, ಕೆಲವರು ಸುಮ್ಮನಿದ್ದು, ಅಡ್ಡಿಬರುವವರು ಅರ್ಧಕ್ಕಿಂತ ಕಡಮೆಯಾದಲ್ಲಿ ಮದುವೆ ನಿಶ್ಚಯವಾದಂತೆ ಇದು. ಅಂದೇ ಆಯವ್ಯಯದ ವಿಷಯದಲ್ಲಿ ಜೊತೆಯ ಪಕ್ಷವೊಂದು ಮಂತ್ರಿಮಂಡಲವನ್ನು ಬಿಡಲು ಆಕೆ ಸಂಪ್ರದಾಯಾನುಸಾರ ರಾಜೀನಾಮೆ ಕೊಟ್ಟಳು. ಐದು ದಿನಗಳ ಮೇಲೆ ಮತ್ತೆ ಆಯ್ಕೆಯಾಗಿ ಬಂದಳು.

ಬೆಲ್ಜಿಯಂ ದೇಶದ ಕಥೆ ಇದಕ್ಕೆ ವಿಪರೀತ. ಅಲ್ಲಿ ಡಚ್ ನುಡಿಯವರ ಪಕ್ಷಗಳು ಬೇರೆ, ಫ್ರೆಂಚ್ ನುಡಿಯವರ ಪಕ್ಷಗಳು ಬೇರೆ. ಎರಡೂ ಕಡೆಯವರು ಸೇರದೆ ಸರಕಾರವಾಗದು. ೨೦೧೦ರ ಜೂನ್ ೧೩ರಂದು ಚುನಾವಣೆ ನಡೆಯಿತು. ಹೊಸ ಮಂತ್ರಿಮಂಡಲವು ಪ್ರಮಾಣವಚನ ಸ್ವೀಕರಿಸಿದುದು ೨೦೧೧ರ ಡಿಸೆಂಬರ್ ೬ರಂದು. ನಡುವೆ ಕಳೆದುವು ೫೪೧ ದಿನಗಳು. ಅಷ್ಟು ಕಾಲವೂ ಹಳೆಯ ಮಂತ್ರಿಗಳೇ ಉಸ್ತುವಾರಿಗಾಗಿ ಕುಳಿತಿದ್ದು, ಹಿಂದಿನ ಆಯವ್ಯಯದ ಹನ್ನೆರಡರಲ್ಲೊಂದು ಪಾಲನ್ನು ತಿಂಗಳು ತಿಂಗಳಿಗೆ ಪಡೆದು ದಿನಗೆಲಸವನ್ನು ಸಾಗಿಸಿದರು. ರೈಲುಗಳು ಓಡಿದುವು, ಸಂಬಳಗಳು ಬಟವಾಡೆಯಾದುವು. ಆದರೆ ಉಸ್ತುವಾರಿಯವನು ಮಾಳಿಗೆಯ ಸೋರುವಿಕೆಗೆ ಪಾತ್ರೆಯನ್ನಿಡಬಲ್ಲನಲ್ಲದೆ ಮಾಳಿಗೆಯನ್ನು ಬಿಚ್ಚಿ ಕಟ್ಟಿಸಲಾರನು. ದೊಡ್ಡ ನಿಶ್ಚಯಗಳನ್ನು ಕೈಗೊಳ್ಳುವ ಅಧಿಕಾರ ಅವನಿಗಿಲ್ಲ.

ಕಟ್ಟುವುದು ಇಷ್ಟು ಪ್ರಯಾಸದ ಕೆಲಸವಾದರೆ ಕೆಡವುವುದು ಎಷ್ಟು ಸುಲಭವೆಂಬುದಕ್ಕೆ ಎರಡು ದಿನಗಳನ್ನು ನೆನೆದರೆ ಸಾಕು. ಮೊದಲನೆಯದು ೧೯೭೯ರ ಮಾರ್ಚ್ ೨೮. ಅಂದು ಲಂಡನ್ನಿನಲ್ಲಿ ಕ್ಯಾಲಹನ್ ಅವರ ಸರಕಾರದ ಮೇಲಣ ಅವಿಶ್ವಾಸ ನಿರ್ಣಯಕ್ಕೆ ೩೧೧ ಮತಗಳೂ ಅದರ ವಿರುದ್ಧ ೩೧೦ ಮತಗಳೂ ಬಿದ್ದುವು. ಸರಕಾರದ ಪಕ್ಷದ ವೃದ್ಧ ಸದಸ್ಯರಾದ ಸರ್ ಆಲ್ಫ್ರೆಡ್ ಬ್ರೌಟನ್ ಎಂಬವರು ತೀವ್ರವಾದ ಕಾಯಿಲೆಯಿಂದ ಮಲಗಿದ್ದರು. ಆ ಸ್ಥಿತಿಯಲ್ಲಿ ಅವರನ್ನು ಲಂಡನ್ನಿಗೆ ಕರೆತಂದರೆ ಪ್ರಾಣಾಪಾಯವಾದೀತೆಂಬ ಭೀತಿಯಿಂದ ಕರೆತರಲಿಲ್ಲ. ಸರಕಾರವು ಒಂದು ಮತದಿಂದ ಬಿದ್ದಿತು. ಆ ವೃದ್ಧರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಮುಂದಿನ ಚುನಾವಣೆಯಲ್ಲಿ ಶ್ರೀಮತಿ ಥ್ಯಾಚರ್ ಅವರ ಪಕ್ಷ ಗೆದ್ದು, ಆ ದೇಶದ ನಡೆಯ ದಿಕ್ಕೇ ಬದಲಾಯಿತು. ಅಧಿಕಾರ ಹೋದರೂ ಹೋಗಲಿ, ರೋಗಿಯನ್ನು ಹಿಂಸಿಸುವುದು ಬೇಡವೆಂದು ನಡೆದುಕೊಂಡ ಆ ದಿನವನ್ನು ಸೋಲಿನ ದಿನವೆಂದು ಮಾತ್ರ ಎಣಿಸುವುದು ಉಚಿತವಲ್ಲವೆಂದು ನಮಗೆ ತೋರುತ್ತದೆ.

ಎರಡನೆಯದು ೧೯೯೯ರ ಏಪ್ರಿಲ್ ೧೭. ದೆಹಲಿಯಲ್ಲಿ ಶ್ರೀ ವಾಜಪೇಯಿಯವರು ಕೇಳಿದ ವಿಶ್ವಾಸಕ್ಕೆ ಪರವಾಗಿ ೨೬೯, ವಿರುದ್ಧವಾಗಿ ೨೭೦ ಮತಗಳಾದುವು. ಒಡಿಶಾ ರಾಜ್ಯಕ್ಕೆ ಮುಖ್ಯಮಂತ್ರಿಯಾಗಿ ಹೋಗಿದ್ದರೂ ಲೋಕಸಭೆಯ ಸ್ಥಾನವನ್ನು ಇನ್ನೂ ಬಿಟ್ಟುಕೊಡದಿದ್ದ ಸದಸ್ಯರೊಬ್ಬರು ಅಂದು ಬಂದು ವಿರುದ್ಧವಾಗಿ ಮತವಿತ್ತರೆಂಬ ಸಂಗತಿ ಬಹುಕಾಲ ಚರ್ಚೆಗೆ ಈಡಾಯಿತು. ಆದರೆ ನಾವು ವಾಚಕರ ಗಮನವನ್ನು ಸೆಳೆಯಬೇಕೆಂದಿರುವುದು ಆ ಒಂದು ಮತದ ಕಡೆಗಲ್ಲ, ಅದರ ಮರುದಿನದ ಕಡೆಗೆ. ಸರಕಾರವನ್ನು ಬೀಳಿಸುವುದರಲ್ಲಿ ಒಂದಾಗಿದ್ದ ೨೭೦ ಮಂದಿ ಇನ್ನೊಂದು ಸರಕಾರವನ್ನು ನಿಲ್ಲಿಸುವುದರಲ್ಲಿ ಒಂದಾಗಲಿಲ್ಲ. ಲೋಕಸಭೆ ವಿಸರ್ಜನೆಯಾಯಿತು, ಚುನಾವಣೆಗಳು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ನಡೆದುವು. ಈ ನಡುವೆಯೇ, ಮೇ ತಿಂಗಳಿನಿಂದ ಜುಲೈವರೆಗೆ, ಕಾರ್ಗಿಲಿನ ಯುದ್ಧವು ನಡೆಯಿತು. ವಿಶ್ವಾಸವನ್ನು ಕಳೆದುಕೊಂಡು ಉಸ್ತುವಾರಿಗಾಗಿ ಕುಳಿತಿದ್ದ ಸರಕಾರವೇ ಆ ಯುದ್ಧವನ್ನು ನಡೆಸಬೇಕಾಯಿತು. ಅದನ್ನು ಪ್ರಶ್ನಿಸಲು ಲೋಕಸಭೆಯೇ ಇರಲಿಲ್ಲ.

ಇದಕ್ಕೂ ಇಪ್ಪತ್ತು ವರುಷಗಳ ಹಿಂದೆ ಇಂತಹುದೇ ಇನ್ನೊಂದು ಪ್ರಸಂಗ ನಡೆದಿತ್ತು. ೧೯೭೯ರ ಜುಲೈಯಲ್ಲಿ ಶ್ರೀ ಮೊರಾರ್ಜಿ ದೇಸಾಯಿಯವರ ಸರಕಾರ ಒಳಗಿನಿಂದಲೇ ಒಡೆದು ಹೋಯಿತು. ಆ ತಿಂಗಳ ೨೮ರಂದು ಪ್ರಧಾನಿಯಾದ ಶ್ರೀ ಚರಣ್ ಸಿಂಗ್ ಅವರು, ಹೊರಗಿನಿಂದ ಆಸರೆಯಾಗುವೆವೆಂದಿದ್ದವರು ಹಿಂಜರಿದುದರಿಂದ, ಆಗಸ್ಟ್ ೨೦ರಂದು ರಾಜೀನಾಮೆಯಿತ್ತರು; ಪ್ರಧಾನಿಯಾಗಿ ಲೋಕಸಭೆಯ ಮುಖವನ್ನು ಅವರು ಒಮ್ಮೆಯೂ ಕಾಣಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬ ಗಾದೆಯನ್ನು ನಮ್ಮ ಹಿರಿಯರು ರಾಜ್ಯಾಡಳಿತವನ್ನು ನೋಡಿಯೇ ಆಡಿದರೋ ಎಂಬಂತಿದೆ. ದೊಣ್ಣೆಯನ್ನೆತ್ತಲು ಹತ್ತು ಕೈಗಳು ಒಂದು ಕ್ಷಣದಲ್ಲಿ ಕೂಡುತ್ತವೆ. ಅವೇ ಹತ್ತು ಕೈಗಳು ತಿಗರಿಯ ಮುಂದೆ ಕುಳಿತು ಒಂದು ಮಡಕೆಯನ್ನು ಮಾಡಲಾರವು.

ಈ ದೋಷದಿಂದ ಅತಿಶಯವಾದ ಕಷ್ಟಕ್ಕೆ ಈಡಾಗಿ, ಅದರಿಂದ ಬುದ್ಧಿ ಕಲಿತ ದೇಶ ಜರ್ಮನಿ. ಮೊದಲನೆಯ ಮಹಾಯುದ್ಧದ ಅನಂತರ ಅಲ್ಲಿ ನೆಲೆಗೊಂಡ ಪ್ರಜಾಪ್ರಭುತ್ವದಲ್ಲಿ, ಹದಿನಾಲ್ಕು ವರುಷಗಳೊಳಗೆ ಸುಮಾರು ಇಪ್ಪತ್ತು ಮಂತ್ರಿಮಂಡಲಗಳು ಬಂದು ಹೋದುವು. ೧೯೩೨ರ ಸೆಪ್ಟೆಂಬರ್ ೧೨ರಂದು ಪಾಪನ್ ಎಂಬವನ ಸರಕಾರದ ಮೇಲೆ ಅವಿಶ್ವಾಸವನ್ನು ಸೂಚಿಸಿ ೫೧೨ ಮತಗಳು ಬಿದ್ದುವು. ಅವನ ಪಾಲಿಗೆ ದೊರೆತುವು ೪೨ ಮಾತ್ರ. ಆ ೫೧೨ರಲ್ಲಿ ಕಮ್ಯೂನಿಸ್ಟರೂ ಇದ್ದರು, ನಾಜಿಗಳೂ ಇದ್ದರು. ಬೀದಿಯಲ್ಲಿ ಪರಸ್ಪರ ರಕ್ತ ಹರಿಸುತ್ತಿದ್ದ ಇವರು ಸಭೆಯಲ್ಲಿ ಕೆಡವುವ ಕೆಲಸಕ್ಕೆ ಒಂದಾದರು. ಇವರೆಲ್ಲ ಸೇರಿ ಬದಲಾಗಿ ಯಾರನ್ನು ನಿಲ್ಲಿಸಬಹುದಾಗಿತ್ತು? ಯಾರನ್ನೂ ಇಲ್ಲ. ಸಭೆಯೇ ವಿಸರ್ಜನೆಯಾಯಿತು, ನಾಲ್ಕೂವರೆ ತಿಂಗಳ ಮೇಲೆ, ೧೯೩೩ರ ಜನವರಿ ೩೦ರಂದು, ಹಿಟ್ಲರನು ಪ್ರಧಾನಿಯಾದನು. ಆ ಅನರ್ಥಕ್ಕೆ ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಸರಕಾರಗಳನ್ನು ಕೆಡವಲು ಮಾತ್ರ ಬಲ್ಲ ಸಭೆಯಲ್ಲಿ ಜನರಿಗೆ ಗೌರವ ಉಳಿಯದು. ಗೌರವವುಳಿಯದ ಸಭೆಯನ್ನು ಒಬ್ಬನು ಬಂದು ಮುಚ್ಚಿದರೆ ಅಳುವವರು ವಿರಳ.

ಆದುದರಿಂದ ಪಶ್ಚಿಮ ಜರ್ಮನಿಯವರು ೧೯೪೯ರಲ್ಲಿ ಹೊಸ ಸಂವಿಧಾನವನ್ನು ಬರೆದುಕೊಂಡಾಗ ಅದರ ೬೭ನೆಯ ವಿಧಿಯಲ್ಲಿ ಒಂದು ಉಪಾಯವನ್ನು ಹೂಡಿದರು. ಪ್ರಧಾನಿಯಲ್ಲಿ ವಿಶ್ವಾಸವಿಲ್ಲವೆಂದಷ್ಟೇ ಹೇಳಿ ಅವನನ್ನು ತೆಗೆಯುವಂತಿಲ್ಲ. ಅವನ ಸ್ಥಾನಕ್ಕೆ ಇಂತಹವನು ಬರಲೆಂದು ಹೆಸರು ಹೇಳಿ, ಅವನಿಗೆ ಸಭೆಯ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮತವನ್ನು ಕೊಡಿಸಬೇಕು. ಹೊಸ ಯಜಮಾನನನ್ನು ಒಪ್ಪಿದ ಮೇಲೆಯೇ ಹಳೆಯವನಿಂದ ಬೀಗದ ಕೈಯನ್ನು ತೆಗೆದುಕೊಳ್ಳತಕ್ಕದ್ದು. ಇದರ ಫಲವೇನೆಂದು ನೋಡಿರಿ. ೧೯೭೨ರ ಏಪ್ರಿಲಿನಲ್ಲಿ ಬ್ರಾಂಟ್ ಅವರನ್ನು ತೆಗೆದು ಬಾರ್ಟ್ಸೆಲ್ ಅವರನ್ನು ತರುವ ಯತ್ನ ನಡೆಯಿತು. ೨೪೯ ಮತಗಳು ಬೇಕಾಗಿದ್ದಲ್ಲಿ ೨೪೭ ಬಂದುವು. ೧೯೮೨ರ ಅಕ್ಟೋಬರ್ ಒಂದರಂದು ಶ್ಮಿಟ್ ಅವರ ಸ್ಥಾನಕ್ಕೆ ಕೋಲ್ ಅವರು ೨೫೬ ಮತಗಳಿಂದ ಬಂದರು. ಇಷ್ಟು ದೀರ್ಘಕಾಲದಲ್ಲಿ ಈ ವಿಧಿಯಿಂದ ಸ್ಥಾನವನ್ನು ಕಳೆದುಕೊಂಡ ಪ್ರಧಾನಿ ಅಲ್ಲಿ ಶ್ಮಿಟ್ ಒಬ್ಬರೇ. ಸ್ಪೇನ್ ದೇಶವೂ ತನ್ನ ೧೯೭೮ರ ಸಂವಿಧಾನದಲ್ಲಿ ಇದನ್ನೇ ಅಂಗೀಕರಿಸಿತು. ೨೦೧೮ರ ಜೂನ್ ಒಂದರಂದು ೧೮೦ ಮತಗಳಿಂದ ರಾಹೊಯ್ ಅವರು ಇಳಿದು ಸಾಂಚೆಸ್ ಅವರು ಏರಿದರು. ಆಳುವವರಿಲ್ಲದ ಒಂದು ದಿನವೂ ನಡುವೆ ಬರಲಿಲ್ಲ.

ಆದರೂ ಇದು ಸಂಜೀವಿನಿಯೆಂದು ತಿಳಿಯತಕ್ಕದ್ದಲ್ಲ. ಕೂಟದ ಪಕ್ಷಗಳು ಒಡೆದು ಬಹುಮತವು ಹೋದ ಮೇಲೆ, ೨೦೨೪ರ ಡಿಸೆಂಬರಿನಲ್ಲಿ ಜರ್ಮನಿಯ ಪ್ರಧಾನಿ ಶೋಲ್ಟ್ಸ್ ಅವರು ತಾವೇ ವಿಶ್ವಾಸವನ್ನು ಕೇಳಿ, ಅದು ದೊರೆಯದೆ, ಚುನಾವಣೆಗೆ ಹೋಗಬೇಕಾಯಿತು. ಒಡಕು ಮನಸ್ಸುಗಳನ್ನು ಯಾವ ವಿಧಿಯೂ ಹೊಲಿಯಲಾರದು. ಕೆಡವುವವನು ಕಟ್ಟುವುದಕ್ಕೂ ಹೊಣೆಯಾಗಬೇಕೆಂದು ಕಲಿಸಬಹುದು, ಅಷ್ಟೆ.

ನಮ್ಮ ದೇಶವು ಈ ಮಾರ್ಗವನ್ನು ಹಿಡಿಯದೆ ಬೇರೊಂದನ್ನು ಹಿಡಿಯಿತು. ೧೯೮೫ರಲ್ಲಿ ಸಂವಿಧಾನದ ಐವತ್ತೆರಡನೆಯ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧದ ಶಾಸನವು ಬಂದಿತು. ತನ್ನ ಪಕ್ಷದ ಆಜ್ಞೆಯನ್ನು ಮೀರಿ ಮತವಿತ್ತ ಸದಸ್ಯನು ಸ್ಥಾನವನ್ನು ಕಳೆದುಕೊಳ್ಳಬಹುದು. ಮೂರರಲ್ಲೊಂದು ಪಾಲು ಒಟ್ಟಾಗಿ ಒಡೆದು ಹೋದರೆ ದೋಷವಿಲ್ಲವೆಂದು ಮೊದಲು ಇದ್ದ ಸಂದನ್ನು ೨೦೦೩ರಲ್ಲಿ ಮುಚ್ಚಲಾಯಿತು. ಆದರೆ ಬಾಗಿಲನ್ನು ಮುಚ್ಚಿದಲ್ಲಿ ಕಿಟಕಿಯನ್ನು ಹುಡುಕುವವರಿಗೇನು ಕೊರತೆ? ನಮ್ಮ ಕರ್ಣಾಟಕದಲ್ಲಿಯೇ ೨೦೧೯ರಲ್ಲಿ ಆಳುವ ಕೂಟದ ಹಲವು ಶಾಸಕರು ರಾಜೀನಾಮೆಯಿತ್ತು ಸಭೆಯಿಂದ ದೂರವುಳಿದರು. ಜುಲೈ ೨೩ರಂದು ಶ್ರೀ ಕುಮಾರಸ್ವಾಮಿಯವರ ಸರಕಾರವು ೯೯ಕ್ಕೆ ೧೦೫ ಮತಗಳಂತೆ ಬಿದ್ದಿತು. ಹದಿನೇಳು ಶಾಸಕರ ಅನರ್ಹತೆಯನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತಾದರೂ ಮತ್ತೆ ಸ್ಪರ್ಧಿಸಲು ಅವಕಾಶವಿತ್ತಿತು. ಅವರಲ್ಲಿ ಹಲವರು ಆ ವರುಷದ ಉಪಚುನಾವಣೆಗೆ ನಿಂತು ಗೆದ್ದುಬಂದರು. ಶಾಸನವು ಬಿಟ್ಟುಕೊಟ್ಟ ತೀರ್ಪನ್ನು ಕೊನೆಗೆ ಮತದಾರನೇ ಹೇಳಬೇಕಾಯಿತೆಂಬುದನ್ನು ಇಲ್ಲಿ ಗಮನಿಸತಕ್ಕದ್ದು.

ವಿಶ್ವಾಸವನ್ನು ಎಣಿಸುವುದು ಎಲ್ಲಿ ಎಂಬ ಪ್ರಶ್ನೆಯಲ್ಲಿ ಮಾತ್ರ ಕರ್ಣಾಟಕದ ಒಂದು ವ್ಯಾಜ್ಯವು ಭಾರತಕ್ಕೆಲ್ಲ ದಾರಿಯನ್ನು ತೋರಿಸಿತು. ೧೯೮೯ರ ಏಪ್ರಿಲಿನಲ್ಲಿ ಶ್ರೀ ಎಸ್. ಆರ್. ಬೊಮ್ಮಾಯಿಯವರ ಸರಕಾರಕ್ಕೆ ಬೆಂಬಲವಿಲ್ಲವೆಂದು ಹೇಳುವ ೧೯ ಪತ್ರಗಳು ರಾಜ್ಯಪಾಲರ ಕೈಸೇರಿದುವು. ಅವರಲ್ಲಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆದರೆಂದು ಬಳಿಕ ತಿಳಿಸಿದರು. ಸಭೆಯನ್ನು ಕರೆದು ಅಲ್ಲಿಯೇ ಬಲವನ್ನು ಪರೀಕ್ಷಿಸಬಹುದೆಂದು ಮುಖ್ಯಮಂತ್ರಿಗಳು ಕೇಳಿಕೊಂಡರು. ಅದಕ್ಕೆ ಅವಕಾಶವಾಗದೆ ೨೧ರಂದು ರಾಷ್ಟ್ರಪತಿ ಆಳ್ವಿಕೆ ಬಂದಿತು. ಐದು ವರುಷಗಳ ಮೇಲೆ, ೧೯೯೪ರ ಮಾರ್ಚ್ ೧೧ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ತೀರ್ಪನ್ನಿತ್ತಿತು: ಸರಕಾರದ ಬಲಾಬಲವನ್ನು ಅಳೆಯತಕ್ಕ ಸ್ಥಳವು ಸಭೆಯ ಅಂಗಳವೇ ಹೊರತು ಯಾವೊಬ್ಬರ ಸ್ವಂತ ಅಭಿಪ್ರಾಯವಲ್ಲ. ಬೊಮ್ಮಾಯಿಯವರ ಅಧಿಕಾರವು ಹಿಂದಿರುಗಿ ಬರಲಿಲ್ಲ. ಆದರೆ ಆ ತೀರ್ಪಿನಿಂದ ಅನಂತರ ಎಷ್ಟೋ ರಾಜ್ಯಗಳಿಗೆ ನ್ಯಾಯ ದೊರೆಯಿತು. ೨೦೧೮ರ ಮೇ ತಿಂಗಳಲ್ಲಿ, ಯಾರಿಗೂ ಬಹುಮತ ಬಾರದಿದ್ದಾಗ, ಮುಖ್ಯಮಂತ್ರಿಯಾದ ಶ್ರೀ ಯಡಿಯೂರಪ್ಪನವರಿಗೆ ರಾಜ್ಯಪಾಲರು ಹದಿನೈದು ದಿನಗಳ ಅವಧಿ ಕೊಟ್ಟಿದ್ದರು. ನ್ಯಾಯಾಲಯವು ೧೯ರಂದೇ ಪರೀಕ್ಷೆ ನಡೆಯಬೇಕೆಂದಿತು. ಮತದ ಎಣಿಕೆಗೆ ಮುಂಚೆಯೇ ಅವರು ರಾಜೀನಾಮೆಯಿತ್ತರು. ಅವಧಿ ಬೆಳೆದಷ್ಟೂ ಬೇಡದ ವ್ಯಾಪಾರಕ್ಕೆ ಎಡೆಯೆಂಬುದನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವ್ಯಾಪಾರದ ಮಾತು ಬಂದಿತಾಗಿ ಇನ್ನೊಂದು ಸಂಗತಿ. ೧೯೯೩ರ ಜುಲೈ ೨೮ರಂದು ಶ್ರೀ ನರಸಿಂಹರಾಯರ ಸರಕಾರವು ಅವಿಶ್ವಾಸ ನಿರ್ಣಯವನ್ನು ೨೫೧ಕ್ಕೆ ೨೬೫ ಮತಗಳಂತೆ ಗೆದ್ದಿತು. ಆ ಮತಗಳಲ್ಲಿ ಕೆಲವು ಹಣಕ್ಕೆ ಬಂದುವೆಂಬ ಆರೋಪವು ನ್ಯಾಯಾಲಯವನ್ನು ಮುಟ್ಟಿದಾಗ, ಸಭೆಯೊಳಗೆ ಕೊಟ್ಟ ಮತಕ್ಕೆ ಸಂವಿಧಾನವೇ ರಕ್ಷಣೆಯಿತ್ತಿರುವುದರಿಂದ, ಹಣ ಪಡೆದು ಮತವಿತ್ತವರ ಮೇಲೆ ಮೊಕದ್ದಮೆ ಹೂಡಲಾಗದೆಂದು ೧೯೯೮ರಲ್ಲಿ ತೀರ್ಪಾಯಿತು. ಈ ವಿಪರೀತವು ಇಪ್ಪತ್ತಾರು ವರುಷ ನಿಂತಿದ್ದು, ೨೦೨೪ರ ಮಾರ್ಚ್ ೪ರಂದು ಏಳು ಮಂದಿ ನ್ಯಾಯಾಧೀಶರ ಪೀಠದಿಂದ ತೊಡೆದುಹೋಯಿತು. ಲಂಚಕ್ಕೆ ಈಗ ಆ ಕವಚವಿಲ್ಲ.

ಇಷ್ಟನ್ನೂ ಓದಿದ ಗೃಹಸ್ಥರು, “ಇದರಲ್ಲಿ ನಮ್ಮ ಪಾಲೇನು? ಎಣಿಕೆ ನಡೆಯುವುದು ಸಭೆಯಲ್ಲಿ, ನಾವಿರುವುದು ಮನೆಯಲ್ಲಿ” ಎನ್ನಬಹುದು. ಸರಕಾರವು ಬೀಳುವುದು ತನ್ನಷ್ಟಕ್ಕೆ ಪಾಪವಲ್ಲ. ಅಯೋಗ್ಯವಾದ ಸರಕಾರವನ್ನು ನಡುವೆಯೇ ತೆಗೆಯಬಲ್ಲದ್ದೇ ಈ ಪದ್ಧತಿಯ ಗುಣ. ಐದು ವರುಷ ಅಲುಗಾಡಿಸಲಾಗದ ಯಜಮಾನನಿಗಿಂತ ಪ್ರತಿದಿನವೂ ಉತ್ತರ ಹೇಳಬೇಕಾದ ಯಜಮಾನನು ಮನೆಗೆ ಲೇಸು. ಆದರೆ ನಮ್ಮ ಪ್ರತಿನಿಧಿ ಮತ್ತೊಮ್ಮೆ ನಮ್ಮ ಬಾಗಿಲಿಗೆ ಬಂದಾಗ ಕೇಳತಕ್ಕ ಪ್ರಶ್ನೆಗಳು ಮೂರುಂಟು. ಒಂದು: ನೀವು ಒಂದು ಸರಕಾರವನ್ನು ಕೆಡವಿದಿರಾದರೆ, ಅದರ ಸ್ಥಾನದಲ್ಲಿ ಯಾರನ್ನು ನಿಲ್ಲಿಸುವೆವೆಂದು ಮೊದಲೇ ತಿಳಿದಿದ್ದಿರಾ? ಎರಡು: ನಿಮ್ಮ ಮತವನ್ನು ಸಭೆಯ ನಡುವೆ, ಎಲ್ಲರ ಕಣ್ಣೆದುರು ಕೊಟ್ಟಿರಾ, ಇಲ್ಲವೆ ಊರಾಚೆಯ ವಿಶ್ರಾಂತಿಗೃಹದಲ್ಲಿ ಅಡಗಿ ಕುಳಿತಿದ್ದಿರಾ? ಮೂರು: ಹಿಂದೆ ಇತ್ತ ಮಾತನ್ನು ಹಿಂತೆಗೆದುಕೊಂಡ ದಿನ, ಅದಕ್ಕೆ ಕಾರಣವನ್ನು ನಮಗೆ ಬಂದು ಹೇಳಿದಿರಾ?

ಈ ಪ್ರಶ್ನೆಗಳನ್ನು ಕೇಳಲು ಯಾವ ಶಾಸನದ ಅಪ್ಪಣೆಯೂ ಬೇಕಾಗಿಲ್ಲ. ಕೇಳುವ ಮನೆಗಳು ಹೆಚ್ಚಾದಂತೆ ಉತ್ತರವನ್ನು ಸಿದ್ಧಪಡಿಸಿಕೊಂಡು ಬರುವ ಪ್ರತಿನಿಧಿಗಳೂ ಹೆಚ್ಚುವರೆಂದು ನಾವು ನಂಬಿದ್ದೇವೆ.